ಸಿಟ್ಟು ವೈರಲ್ ಆದಾಗ: ಆನ್‌ಲೈನ್ ಬಹಿಷ್ಕಾರ ಮತ್ತು ಸುಳ್ಳು ಸುದ್ದಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

‘ಕ್ಯಾನ್ಸಲ್ ಮಾಡುವುದು’ ಅಂದರೆ ಏನು? ನಮ್ಮ ಹಳೆಯ ಬಹಿಷ್ಕಾರವೇ ತಾನೆ?

ತಪ್ಪು ಮಾಡಿದ್ದಾರೆ ಎನ್ನಲಾದವರನ್ನು ಜಾಲತಾಣದಲ್ಲಿ ಜನ ಒಟ್ಟಾಗಿ ಖಂಡಿಸಿ ದೂರ ಇಡುವುದೇ ಕ್ಯಾನ್ಸಲ್. ಹಳೆಯ ಬಹಿಷ್ಕಾರವೇ ಅನ್ನುವುದು ಅರ್ಧ ಹೌದು. ಊರಿಂದ ಹೊರಗಿಡುವುದು, ಕುಲದಿಂದ ತೆಗೆಯುವುದು, ಅಂಗಡಿಯಲ್ಲಿ ಸಾಮಾನು ಕೊಡದಿರುವುದು ನಮಗೆ ಹೊಸದಲ್ಲ. ಮಹಾರಾಷ್ಟ್ರದಲ್ಲಂತೂ ಸಾಮಾಜಿಕ ಬಹಿಷ್ಕಾರ ತಡೆಯಲು 2016ರಲ್ಲಿ ಬೇರೆ ಕಾನೂನನ್ನೇ ಮಾಡಬೇಕಾಯಿತು. ಆದರೆ ಹಳೆಯ ಬಹಿಷ್ಕಾರಕ್ಕೆ ಒಂದು ಊರು, ಒಂದು ಪಂಚಾಯ್ತಿ, ಒಬ್ಬ ಯಜಮಾನ ಇರುತ್ತಿದ್ದ. ಎಷ್ಟೇ ಅನ್ಯಾಯದ್ದಾದರೂ, ತಪ್ಪುಕಾಣಿಕೆ ಕೊಟ್ಟು ಒಳಗೆ ಬರುವ ದಾರಿಯೊಂದು ಇರುತ್ತಿತ್ತು. ಆನ್‌ಲೈನ್ ಬಹಿಷ್ಕಾರಕ್ಕೆ ಯಜಮಾನನೇ ಇಲ್ಲ. ತೀರ್ಪು ಕೊಟ್ಟವರು ಇಂಥವರು ಅಂತ ಇಲ್ಲದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವವರೂ ಇಲ್ಲ. ಹತ್ತು ವರ್ಷ ಬಿಟ್ಟು ಹೆಸರು ಹುಡುಕಿದರೂ ಅದೇ ಸ್ಕ್ರೀನ್‌ಶಾಟ್ ಎದುರು ಬರುತ್ತದೆ.

ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಮುಂದಿನ ಉತ್ತರಗಳೆಲ್ಲ ಸಲೀಸು. ಒಂದು, ಹೇಳುತ್ತಿರುವುದು ನಿಜವಾಗಿ ನಡೆದಿದೆಯೇ? ಎರಡು, ನಡೆದಿದ್ದರೆ ಶಿಕ್ಷೆ ಎಷ್ಟು, ಕೊಡಬೇಕಾದವರು ಯಾರು? ಸಿಟ್ಟು ಬಂದ ಕೂಡಲೇ ಇವೆರಡೂ ಕಲಸಿಹೋಗುತ್ತವೆ. ಶಿಕ್ಷೆಯ ಮಾತು ಮೊದಲು ಶುರುವಾಗುತ್ತದೆ, ನಡೆದಿದೆಯೇ ಎಂದು ಕೇಳಿದವನು ಅಪರಾಧಿಯ ಕಡೆಯವನಾಗುತ್ತಾನೆ. ಸುಳ್ಳು ಒಳಗೆ ನುಸುಳುವುದು ಈ ಸಂದಿಯಲ್ಲೇ.

ಸಿಟ್ಟಿನ ಪೋಸ್ಟೇ ಯಾಕೆ ಅಷ್ಟು ಬೇಗ ಹಬ್ಬುತ್ತದೆ?

ಮನುಷ್ಯರ ಸ್ವಭಾವವೂ ಕಾರಣ, ಕಂಪನಿಗಳ ಲೆಕ್ಕವೂ ಕಾರಣ.

ಮೊದಲು ಸ್ವಭಾವ. ಬಂದೂಕು ನಿಯಂತ್ರಣ, ಸಲಿಂಗ ವಿವಾಹ, ಹವಾಮಾನ ಬದಲಾವಣೆ ಕುರಿತ ಐದೂವರೆ ಲಕ್ಷಕ್ಕೂ ಹೆಚ್ಚು ಟ್ವೀಟ್‌ಗಳನ್ನು ಅಮೆರಿಕದ ಸಂಶೋಧಕರು ಪರಿಶೀಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀತಿ ಮತ್ತು ಭಾವನೆ ಎರಡನ್ನೂ ಕೆಣಕುವ ಪದ ಒಂದೊಂದು ಹೆಚ್ಚಾದಂತೆ ಟ್ವೀಟ್ ಹರಡುವುದು ಸುಮಾರು ಶೇ 20ರಷ್ಟು ಏರುತ್ತಿತ್ತು. ನಮ್ಮಲ್ಲಿ ‘ನಾಚಿಕೆಗೇಡು’, ‘ದ್ರೋಹ’, ‘ನೀಚ’ ಅಂತೀವಲ್ಲ, ಆ ಜಾತಿಯ ಪದಗಳು. ಹೀಗೆ ಹರಡಿದ್ದು ಹೆಚ್ಚಾಗಿ ಒಂದೇ ಪಕ್ಷದವರ ನಡುವೆ. ಆಚೆ ಕಡೆಯವರಿಗೆ ಅಷ್ಟಾಗಿ ಮುಟ್ಟಲಿಲ್ಲ. 2021ರಲ್ಲಿ ಬಂದ ಇನ್ನೊಂದು ಅಧ್ಯಯನ 7,331 ಜನರ 1.27 ಕೋಟಿ ಟ್ವೀಟ್‌ಗಳನ್ನು ನೋಡಿತು. ಸಿಟ್ಟಿನ ಟ್ವೀಟ್‌ಗೆ ಲೈಕು, ಮರುಹಂಚಿಕೆ ಜಾಸ್ತಿ ಸಿಕ್ಕವರು ಮುಂದೆ ಇನ್ನಷ್ಟು ಸಿಟ್ಟಿನಿಂದ ಬರೆಯತೊಡಗಿದ್ದರು. ಸಿಟ್ಟು ಅಭ್ಯಾಸದಿಂದಲೂ ಬೆಳೆಯುತ್ತದೆ ಅಂತಾಯಿತು.

ಇನ್ನು ಕಂಪನಿಯ ಲೆಕ್ಕ. ಯಾವ ಪೋಸ್ಟನ್ನು ಮೇಲೆ ತೋರಿಸಬೇಕು ಎಂದು ತೀರ್ಮಾನಿಸಲು ಫೇಸ್‌ಬುಕ್ ಪ್ರತಿಯೊಂದು ಒತ್ತಿಗೂ ಅಂಕ ಕೊಡುತ್ತದೆ. 2017ರಲ್ಲಿ ಕೋಪದ ಮುಖ, ನಗುವ ಮುಖ ಮುಂತಾದ ಎಮೋಜಿಗಳಿಗೆ ಬರೀ ಲೈಕಿನ ಐದರಷ್ಟು ಅಂಕ ಇಟ್ಟಿತ್ತು. ಕೆಂಪು ಮುಖ ಒತ್ತಿದವರು ಆ ಪೋಸ್ಟನ್ನು ಐದು ಪಟ್ಟು ಜೋರಾಗಿ ಮೇಲಕ್ಕೆ ತಳ್ಳಿದಂತೆ. ಕೋಪದ ಮುಖ ಹೆಚ್ಚು ಬಿದ್ದ ಪೋಸ್ಟ್‌ಗಳಲ್ಲಿ ಸುಳ್ಳು ಸುದ್ದಿಯ ಪಾಲು ಜಾಸ್ತಿ ಎಂದು ಕಂಪನಿಯೊಳಗಿನ ಡೇಟಾ ವಿಜ್ಞಾನಿಗಳೇ 2019ರಲ್ಲಿ ಖಚಿತಪಡಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಕೋಪದ ಮುಖದ ಅಂಕ ಸೊನ್ನೆಗೆ ಇಳಿಯಿತು. ಇಳಿಸಿದ ಮೇಲೆ ಜನರಿಗೆ ಕಾಣುವ ಸುಳ್ಳು ಕಡಿಮೆಯಾಯಿತು, ಫೇಸ್‌ಬುಕ್ ಬಳಸುವುದೇನೂ ಕಡಿಮೆಯಾಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಒಳಗಿನ ಕಾಗದಪತ್ರಗಳು ಹೊರಬಿದ್ದಾಗಲೇ ಇದು ಲೋಕಕ್ಕೆ ಗೊತ್ತಾದದ್ದು.

ನಿತ್ಯದ ಬಳಕೆಗೆ ಇದರಿಂದ ತಿಳಿಯಬೇಕಾದ್ದು ಇಷ್ಟೆ: ವಿರೋಧಿಸಲು ಹಾಕಿದ ಕಾಮೆಂಟೂ ಬೆಂಬಲಿಸಲು ಹಾಕಿದ ಕಾಮೆಂಟೂ ಯಂತ್ರಕ್ಕೆ ಒಂದೇ. ‘ಇಂಥ ಕೊಳಕು ನೋಡಿ’ ಎಂದು ಶೇರ್ ಮಾಡಿದರೂ ಕೊಳಕಿಗೆ ಓದುಗರು ಸಿಗುತ್ತಾರೆ.

ಸುಳ್ಳು ನಿಜಕ್ಕಿಂತ ವೇಗ ಅನ್ನುವುದಕ್ಕೆ ಲೆಕ್ಕ ಇದೆಯೇ?

ಇದೆ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿದ, ನಿಜವೋ ಸುಳ್ಳೋ ಎಂದು ಆಗಲೇ ಪರೀಕ್ಷೆಯಾಗಿದ್ದ ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಪರಿಶೀಲಿಸಿ 2018ರಲ್ಲಿ ವರದಿ ಕೊಟ್ಟರು. ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ಶೇ 70ರಷ್ಟು ಹೆಚ್ಚು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿನ ಆರರಷ್ಟು ಸಮಯ ಬೇಕಾಗಿತ್ತು. ಬಾಟ್‌ಗಳ, ಅಂದರೆ ತಾವಾಗಿಯೇ ಪೋಸ್ಟ್ ಹಾಕುವ ಯಾಂತ್ರಿಕ ಖಾತೆಗಳ, ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ಅವು ನಿಜ ಸುಳ್ಳು ಎರಡನ್ನೂ ಒಂದೇ ವೇಗದಲ್ಲಿ ಹರಡಿದ್ದವು. ವ್ಯತ್ಯಾಸ ಮಾಡಿದವರು ಮನುಷ್ಯರು. ಸುಳ್ಳಿಗೆ ಬಂದ ಉತ್ತರಗಳಲ್ಲಿ ಅಚ್ಚರಿ, ಭಯ, ಹೇಸಿಗೆ ಎದ್ದು ಕಾಣುತ್ತಿದ್ದವು.

ಸುಳ್ಳು ಸುದ್ದಿ ಅಂದರೆ ಕಟ್ಟುಕತೆ ಅಂತಲೇ?

ಬಹಳ ಸಲ ಅಲ್ಲ. ಪೂರ್ತಿ ಕಟ್ಟಿದ್ದಕ್ಕಿಂತ, ನಿಜವಾದ ವಿಡಿಯೊಗೆ ತಪ್ಪು ತಲೆಬರಹ ಅಂಟಿಸಿದ್ದು ಜಾಸ್ತಿ ಕೆಲಸ ಮಾಡುತ್ತದೆ. ಕಣ್ಣಿಗೆ ಕಂಡದ್ದನ್ನು ಯಾರು ಅನುಮಾನಿಸುತ್ತಾರೆ?

2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿಸಿದ ವಿಡಿಯೊ ಇದಕ್ಕೆ ತಕ್ಕ ಉದಾಹರಣೆ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷೆಯ ಜಾಗೃತಿಗಾಗಿ ಮಾಡಿದ ಚಿತ್ರ. ಮೂಲದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬರಹ ಹಿಡಿದು ತೋರಿಸುತ್ತಾರೆ. ಕೊನೆಯ ಆ ಕೆಲವು ಸೆಕೆಂಡು ಕತ್ತರಿಸಿದ್ದಷ್ಟೇ ಕಿಡಿಗೇಡಿಗಳ ಕೈಚಳಕ. ಆ ಬೇಸಿಗೆಯಲ್ಲಿ ಕರ್ನಾಟಕದ ಫೋನುಗಳಿಗೂ ಅದು ಬಂತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬರು ಗುಂಪಿನ ಹೊಡೆತಕ್ಕೆ ಸತ್ತರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಕಾರಿನಲ್ಲಿ ಬಂದವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಅನುಮಾನ ಹುಟ್ಟಿತು. ಅವರು ಕಾರು ಹತ್ತಿ ಹೊರಡುವಷ್ಟರಲ್ಲಿ ಸಂದೇಶ ಮುಂದಿನ ಊರಿನ ವಾಟ್ಸಾಪ್ ಗ್ರೂಪಿಗೆ ಹೋಗಿತ್ತು. ಮುರ್ಕಿಯಲ್ಲಿ ದಾರಿಗೆ ಅಡ್ಡ ಹಾಕಿದರು, ಕಾರು ಪಲ್ಟಿಯಾಯಿತು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಹೋಯಿತು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಹೊಡೆದವರಲ್ಲಿ ಯಾರಿಗೂ ತಾವು ಸುಳ್ಳು ಹರಡುತ್ತಿದ್ದೇವೆ ಅನ್ನಿಸಿರಲಿಕ್ಕಿಲ್ಲ. ಮಕ್ಕಳನ್ನು ಕಾಯುತ್ತಿದ್ದೇವೆ ಅಂದುಕೊಂಡೇ ಕಲ್ಲು ಎತ್ತಿದ್ದರು.

ಇದಕ್ಕೆ ಸ್ಮಾರ್ಟ್‌ಫೋನೇ ಬೇಕು ಅಂತಲೂ ಇಲ್ಲ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಿಗೆ, ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್ ಬೆಂಗಳೂರಲ್ಲಿ ಹರಿದಾಡಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿ ರೈಲು ನಿಲ್ದಾಣಕ್ಕೆ ಬಂದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಬಲ್ಕ್ ಎಸ್ಸೆಮ್ಮೆಸ್ ನಿಲ್ಲಿಸಿ, ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂಬ ಮಿತಿ ಹಾಕಿತು. ಅದೇ ಹೊತ್ತಿಗೆ ಮ್ಯಾನ್ಮಾರಿನ ಹತ್ಯಾಕಾಂಡದ ಚಿತ್ರ ಎಂದು ಸುತ್ತುತ್ತಿದ್ದದ್ದು 2010ರ ಟಿಬೆಟ್ ಸೀಮೆಯ ಭೂಕಂಪದ ಫೋಟೊ. ಹೆಣಗಳ ನಡುವೆ ನಿಂತಿದ್ದ ಭಿಕ್ಷುಗಳು ನೆರವಿಗೆ ಬಂದವರು.

ವಾಟ್ಸಾಪಿನ ಫಾರ್ವರ್ಡ್ ಮಿತಿಯಿಂದ ಉಪಯೋಗ ಆಗಿದೆಯೇ?

ವೇಗ ತಗ್ಗಿದೆ, ನಿಂತಿಲ್ಲ. 2018ರ ಜುಲೈನಲ್ಲಿ ಭಾರತಕ್ಕೆ ಐದು ಚಾಟ್‌ಗಳ ಮಿತಿ ಬಂತು, 2019ರ ಜನವರಿಯಲ್ಲಿ ಇಡೀ ಜಗತ್ತಿಗೆ. ಆಗ ಒಂದು ಗ್ರೂಪಿನಲ್ಲಿ 256 ಜನ ಇರಬಹುದಿತ್ತು. ಐದು ತುಂಬಿದ ಗ್ರೂಪಿಗೆ ಕಳಿಸಿದರೆ 1,280 ಜನ. ಮಿತಿ ಇದ್ದೂ ಇಷ್ಟು. ಈಗ ಗ್ರೂಪಿನ ಗಾತ್ರ 1,024ಕ್ಕೆ ಏರಿದೆ. ಐದು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಇದರಿಂದ ಅಂಥ ಫಾರ್ವರ್ಡ್ ಶೇ 70ರಷ್ಟು ಇಳಿಯಿತು ಎಂದು ಕಂಪನಿ ಹೇಳಿಕೊಂಡಿತು.

ತಪ್ಪಿಸಿಕೊಳ್ಳುವ ದಾರಿಗಳೂ ಇವೆ. ವಿಡಿಯೊ ಇಳಿಸಿಕೊಂಡು ಮತ್ತೆ ಹೊಸದಾಗಿ ಹಾಕಿದರೆ, ಬರಹವನ್ನು ಕಾಪಿ ಮಾಡಿ ಅಂಟಿಸಿದರೆ ಬಾಣ ಮಾಯ. ಬಾಣ ಇಲ್ಲ ಎಂದ ಮಾತ್ರಕ್ಕೆ ಕಳಿಸಿದವರ ಸ್ವಂತ ಮಾತು ಅಂದುಕೊಳ್ಳಬೇಡಿ.

ವಿಡಿಯೊ ನೋಡಿ ಖಚಿತ ಮಾಡಿಕೊಂಡೇ ಸಿಟ್ಟು ಬಂದರೆ?

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಹೇಳಿದ್ದು ಮೊಬೈಲ್ ಕಾಲಕ್ಕೆ ಹೇಳಿ ಮಾಡಿಸಿದಂತಿದೆ. 2021ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಊಟದ ಡೆಲಿವರಿ ವಿಷಯಕ್ಕೆ ಜಗಳವಾಗಿ, ಗ್ರಾಹಕರೊಬ್ಬರು ರಕ್ತ ಸೋರುವ ಮೂಗಿನೊಂದಿಗೆ ವಿಡಿಯೊ ಹಾಕಿದರು. ದೇಶವೇ ಡೆಲಿವರಿ ಹುಡುಗನ ಮೇಲೆ ಬಿತ್ತು, ಬಂಧನವಾಯಿತು, ಕೆಲಸ ತಾತ್ಕಾಲಿಕವಾಗಿ ಹೋಯಿತು. ಕೆಲವೇ ದಿನಕ್ಕೆ ಆತ ತನ್ನ ಕತೆ ಹೇಳಿದ. ಅದೇ ಜನ, ಅದೇ ಆವೇಶದಲ್ಲಿ, ದೂರು ಕೊಟ್ಟವರ ಮೇಲೆ ತಿರುಗಿಬಿದ್ದರು. ಆಮೇಲೆ ಅವರ ಮೇಲೂ ಎಫ್ಐಆರ್ ಆಯಿತು.

ಇದರಲ್ಲಿ ಯಾರದು ಸರಿ ಎನ್ನುವುದು ನಮ್ಮ ವಿಷಯವಲ್ಲ. ಎರಡು ಸಲವೂ ಜನರ ಕೈಯಲ್ಲಿದ್ದದ್ದು ಒಂದು ಕಡೆಯ ಮಾತು, ಜಗಳ ಮುಗಿದ ಮೇಲೆ ತೆಗೆದ ವಿಡಿಯೊ. ಜಗಳದ ವಿಡಿಯೊಗಳಲ್ಲಿ ಕ್ಯಾಮೆರಾ ಆನ್ ಆಗುವುದೇ ಮಾತು ಏರಿದ ಮೇಲೆ. ಮೊದಲ ಹೊಡೆತ, ಮೊದಲ ಬೈಗುಳ ಅದರಲ್ಲಿ ಇರುವುದೇ ಅಪರೂಪ. ಬೆಂಗಳೂರಿನ ಆಟೊ ಜಗಳ, ಭಾಷೆಯ ಜಗಳದ ವಿಡಿಯೊ ಬಂದಾಗಲೆಲ್ಲ ಮೊದಲು ಕೇಳಬೇಕಾದ್ದು ಇದು: ಮೊದಲ ಸೆಕೆಂಡಿಗೆ ಮುಂಚೆ ಏನಾಯಿತು?

ಹತ್ತು ನಿಮಿಷದಲ್ಲಿ ಪರೀಕ್ಷೆ ಮಾಡುವುದು ಹೇಗೆ?

1. ವಿಡಿಯೊ ನಿಲ್ಲಿಸಿ ಮೂರ್ನಾಲ್ಕು ಕಡೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮುಖಕ್ಕಿಂತ ಅಂಗಡಿ ಬೋರ್ಡು, ವಾಹನದ ನಂಬರ್ ಪ್ಲೇಟ್, ಪೊಲೀಸರ ಟೋಪಿ, ಬಸ್ಸಿನ ಬಣ್ಣ ಕಾಣುವ ಫ್ರೇಮ್ ಆರಿಸಿ. ಟಿವಿಯ ಲೋಗೊ, ಮೇಲೆ ಅಂಟಿಸಿದ ಬರಹ ಇದ್ದರೆ ಕ್ರಾಪ್ ಮಾಡಿ.

2. ಚಿತ್ರ ಹಾಕಿ ಅದರ ಮೂಲ ಹುಡುಕುವುದಕ್ಕೆ ರಿವರ್ಸ್ ಇಮೇಜ್ ಹುಡುಕಾಟ ಎನ್ನುತ್ತಾರೆ. ಅದಕ್ಕಾಗಿ ಅವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಏನೂ ಸಿಗದಿದ್ದರೆ ಯಾಂಡೆಕ್ಸ್, ಟಿನ್‌ಐ ನೋಡಿ. ಟಿನ್‌ಐನಲ್ಲಿ ಹಳೆಯದರಿಂದ ಹೊಸದಕ್ಕೆ ಜೋಡಿಸುವ ಆಯ್ಕೆ ಇದೆ. ಇವತ್ತಿನದು ಎನ್ನುವ ಚಿತ್ರ ಮೂರು ವರ್ಷದ ಹಿಂದೆ ಕಂಡರೆ ಕೆಲಸ ಅಲ್ಲಿಗೇ ಮುಗಿಯಿತು.

3. ಭಾಷೆ ಕೇಳಿ. ಮಂಡ್ಯದ್ದು ಎನ್ನುವ ವಿಡಿಯೊದಲ್ಲಿ ಹಿಂದೆ ಕೂಗುವವರು ಭೋಜಪುರಿ ಮಾತಾಡುತ್ತಿದ್ದರೆ? ಧ್ವನಿಯನ್ನೇ ಬದಲಿಸಿರಲೂಬಹುದು, ತುಟಿ ಗಮನಿಸಿ.

4. ಊರಿನ ಹೆಸರು ಮತ್ತು ಘಟನೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಹುಡುಕಿ. ನಮ್ಮ ಜಿಲ್ಲೆಗಳ ಸುದ್ದಿ ಇಂಗ್ಲಿಷಿನಲ್ಲಿ ಬಾರದೇ ಇರುವುದು ಮಾಮೂಲು. ದೊಡ್ಡ ಗಲಭೆ ಎನ್ನುವುದು ಒಂದು ಜಿಲ್ಲಾ ಪುಟದಲ್ಲೂ ಇಲ್ಲವೆಂದರೆ ಅನುಮಾನಿಸಿ.

5. ನ್ಯೂಸ್‌ಚೆಕರ್, ನ್ಯೂಸ್‌ಮೀಟರ್‌ಗಳಲ್ಲಿ ಕನ್ನಡದಲ್ಲೇ ಫ್ಯಾಕ್ಟ್‌ಚೆಕ್ ಸಿಗುತ್ತದೆ. ಆಲ್ಟ್ ನ್ಯೂಸ್, ಬೂಮ್, ಫ್ಯಾಕ್ಟ್‌ಲಿಯಲ್ಲೂ ಹುಡುಕಿ.

ಎಡವುವುದು ಎಲ್ಲಿ? ರಿವರ್ಸ್ ಇಮೇಜ್ ಹುಡುಕಾಟದಲ್ಲಿ ಏನೂ ಸಿಗಲಿಲ್ಲ ಎಂದರೆ ‘ಹೊಸದು, ಹಾಗಾದರೆ ನಿಜ’ ಅಂತಲ್ಲ. ಕನ್ನಡಿಯಂತೆ ತಿರುಗಿಸಿದ ಚಿತ್ರವನ್ನು ಹುಡುಕಾಟ ಹಿಡಿಯದೇ ಹೋಗಬಹುದು. ಬೋರ್ಡಿನ ಅಕ್ಷರ ಉಲ್ಟಾ ಕಂಡರೆ ಚಿತ್ರ ತಿರುಗಿಸಿ ಮತ್ತೆ ಹಾಕಿ. ಫೋಟೊದ ಒಳಮಾಹಿತಿಯಲ್ಲಿ ತಾರೀಖು ನೋಡುತ್ತೇನೆ ಎನ್ನುವವರಿಗೆ: ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಬಂದಾಗ ಅದು ಅಳಿಸಿಹೋಗಿರುತ್ತದೆ.

ಟ್ವೀಟಿನ ಸ್ಕ್ರೀನ್‌ಶಾಟ್ ಸಾಕ್ಷಿಯಾಗುತ್ತದೆಯೇ?

ಆಗುವುದಿಲ್ಲ. ಬ್ರೌಸರಿನಲ್ಲಿ ಯಾರದೇ ಪೋಸ್ಟಿನ ಅಕ್ಷರ ಬದಲಿಸಿ ಚಿತ್ರ ತೆಗೆಯಲು ಅರ್ಧ ನಿಮಿಷ ಸಾಕು. ಎಕ್ಸ್‌ನ (ಹಿಂದಿನ ಟ್ವಿಟರ್) ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಖಾತೆ ಮತ್ತು ತಾರೀಖು ಹಾಕಿ ಹುಡುಕಿ. ಅಳಿಸಿದ್ದಾರೆ ಎಂದು ಹೇಳಿದರೆ ಜಾಲತಾಣಗಳ ಹಳೆಯ ಪ್ರತಿ ಕೂಡಿಟ್ಟಿರುವ ವೇಬ್ಯಾಕ್ ಮಷೀನ್ ನೋಡಿ, ಆ ದಿನ ಅದಕ್ಕೆ ಬಂದ ಉತ್ತರಗಳನ್ನು ಹುಡುಕಿ. ನಿಜವಾದ ಪೋಸ್ಟ್ ಅಳಿಸಿದರೂ ಜನರ ಉತ್ತರ ಉಳಿದಿರುತ್ತದೆ.

ಬಾಯ್ಕಾಟ್ ಟ್ರೆಂಡ್‌ನಲ್ಲಿ ಸುಳ್ಳು ಒಂದೇ ಕಡೆಯಿಂದ ಬರುತ್ತದೆಯೇ?

ಇಲ್ಲ. 2020ರ ಅಕ್ಟೋಬರ್‌ನಲ್ಲಿ ಟೈಟಾನ್ ಕಂಪನಿಯ ತನಿಷ್ಕ್ ಆಭರಣದ ಜಾಹೀರಾತೊಂದು ಬಂತು. ಮುಸ್ಲಿಂ ಅತ್ತೆಮನೆಯಲ್ಲಿ ಹಿಂದೂ ಸೊಸೆಯ ಸೀಮಂತ ಅದರ ಕತೆ. ಬಾಯ್ಕಾಟ್ ಹ್ಯಾಶ್‌ಟ್ಯಾಗ್ ಮೇಲೇರಿತು, ಸಿಬ್ಬಂದಿಯ ಸುರಕ್ಷೆಯ ಕಾರಣವನ್ನೂ ಕೊಟ್ಟು ಕಂಪನಿ ಜಾಹೀರಾತು ವಾಪಸ್ ತೆಗೆದುಕೊಂಡಿತು. ಇದಾದ ಮೇಲೆ ಗುಜರಾತಿನ ಗಾಂಧಿಧಾಮದ ಮಳಿಗೆಯ ಮೇಲೆ ದಾಳಿಯಾಗಿದೆ ಎಂಬ ಸುದ್ದಿ ಹಬ್ಬಿ, ಈ ಸಲ ಇನ್ನೊಂದು ಕಡೆಯವರು ಕೆರಳಿದರು. ಪೊಲೀಸರು ಹೇಳಿದ್ದು: ದಾಳಿ ನಡೆದಿಲ್ಲ, ಕೆಲವರು ಬಂದು ಕ್ಷಮೆ ಕೇಳುವ ಚೀಟಿ ಅಂಟಿಸುವಂತೆ ಒತ್ತಾಯಿಸಿದ್ದರು. ಅದೇ ಸಾಕಷ್ಟು ಕೆಟ್ಟದು. ಆದರೆ ‘ಬೆದರಿಸಿ ಚೀಟಿ ಅಂಟಿಸಿದರು’ ಅನ್ನುವುದಕ್ಕಿಂತ ‘ದಾಳಿ’ ಜಾಸ್ತಿ ಓಡುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಚಾಳಿಗೆ ಎಡ ಬಲ ಅಂತ ಇಲ್ಲ.

ಹಾಗಾದರೆ ಸಿಟ್ಟೇ ಮಾಡಬಾರದೇ? ದೊಡ್ಡವರನ್ನು ಪ್ರಶ್ನಿಸುವುದು ಹೇಗೆ?

ಈ ಪ್ರಶ್ನೆ ನ್ಯಾಯವಾದದ್ದೇ. ‘ಕ್ಯಾನ್ಸಲ್ ಕಲ್ಚರ್’ ಎಂಬ ಬೈಗುಳವನ್ನು ಅಧಿಕಾರದಲ್ಲಿರುವವರು ಗುರಾಣಿಯಂತೆ ಬಳಸುವುದೂ ಉಂಟು. 2018ರ ಅಕ್ಟೋಬರ್‌ನಲ್ಲಿ ಮೀಟೂ ಚಳವಳಿ ಭಾರತದಲ್ಲಿ ಎದ್ದಾಗ ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ಮೇಲೆ ಹಲವು ಪತ್ರಕರ್ತೆಯರು ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಅವರು ಆರೋಪ ಅಲ್ಲಗಳೆದು ರಾಜೀನಾಮೆ ಕೊಟ್ಟರು, ಆರೋಪ ಮಾಡಿದವರಲ್ಲಿ ಒಬ್ಬರಾದ ಪ್ರಿಯಾ ರಮಣಿ ಮೇಲೆ ಮಾನಹಾನಿ ಮೊಕದ್ದಮೆ ಹೂಡಿದರು. 2021ರ ಫೆಬ್ರುವರಿ 17ರಂದು ದೆಹಲಿಯ ನ್ಯಾಯಾಲಯ ರಮಣಿಯವರನ್ನು ಖುಲಾಸೆ ಮಾಡಿತು. ದಶಕಗಳಾದ ಮೇಲೂ ಹೆಣ್ಣು ತನಗಾದದ್ದನ್ನು ತನಗೆ ಬೇಕಾದ ವೇದಿಕೆಯಲ್ಲಿ ಹೇಳಬಹುದು ಎಂಬುದು ಆ ತೀರ್ಪಿನ ತಿರುಳು. ತೀರ್ಪಿನ ವಿರುದ್ಧ ಅಕ್ಬರ್ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು.

ಇದಕ್ಕೂ ಮುರ್ಕಿಗೂ ಅಂತರ ಎಲ್ಲಿದೆ ನೋಡಿ. ಇಲ್ಲಿ ಹೇಳಿದವರು ಹೆಸರು ಹಾಕಿ, ತಮಗೇ ಆದದ್ದನ್ನು ಹೇಳಿದರು, ಕೋರ್ಟಿನಲ್ಲಿ ಪಾಟಿಸವಾಲಿಗೆ ನಿಂತರು. ಗುರಿಯಾದವರಿಗೆ ಅಧಿಕಾರವಿತ್ತು, ಉತ್ತರಿಸಲು ವಕೀಲರಿದ್ದರು. ದಾರಿಹೋಕನಿಗೆ, ಡೆಲಿವರಿ ಹುಡುಗನಿಗೆ, ಕಾಲೇಜು ಹುಡುಗಿಗೆ ಇದಾವುದೂ ಇರುವುದಿಲ್ಲ. ಮಂತ್ರಿಯ ನಡತೆ ಸಾರ್ವಜನಿಕ ವಿಷಯ. ದಾರಿಹೋಕನ ಮನೆ ವಿಳಾಸ ಯಾವತ್ತೂ ಅಲ್ಲ.

ನಾನೇ ಸುಳ್ಳನ್ನು ಹಂಚಿಬಿಟ್ಟಿದ್ದೇನೆ. ಈಗ?

ಸದ್ದಿಲ್ಲದೆ ಅಳಿಸಬೇಡಿ. ನೋಡಿದವರ ತಲೆಯಲ್ಲಿ ಅದು ಉಳಿದಿರುತ್ತದೆ, ಬೇರೆಯವರು ಕಳಿಸಿದ್ದು ಬೇರೆಡೆ ಓಡುತ್ತಿರುತ್ತದೆ. ಮೊದಲು ಎಲ್ಲೆಲ್ಲಿ ಹಾಕಿದ್ದಿರೋ ಅಲ್ಲೆಲ್ಲ ತಿದ್ದುಪಡಿ ಹಾಕಿ, ಆಮೇಲೆ ಮೂಲ ಅಳಿಸಿ. ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಅವಕಾಶವಿದೆ. ತಿದ್ದುಪಡಿಯನ್ನು ನಿಜದಿಂದ ಶುರು ಮಾಡಿ: ‘ಅದು ಕರಾಚಿಯ ಜಾಗೃತಿ ಚಿತ್ರ. ನಿನ್ನೆ ನಾನು ನಮ್ಮ ಜಿಲ್ಲೆಯದ್ದು ಎಂದು ತಪ್ಪಾಗಿ ಹಾಕಿದ್ದೆ. ಇಲ್ಲಿ ಅಂಥ ಘಟನೆ ನಡೆದಿಲ್ಲ.’ ಮೂರೇ ವಾಕ್ಯ. ಸುಳ್ಳಿನ ಚಿತ್ರವನ್ನು ತೋರಿಸಲೇಬೇಕಾದರೆ ಅಡ್ಡಲಾಗಿ ದಪ್ಪಗೆ ‘ಸುಳ್ಳು’ ಎಂದು ಬರೆದು ಹಾಕಿ. ಬರಹ ಮೂಲೆಯಲ್ಲಿದ್ದರೆ ಯಾರಾದರೂ ಕತ್ತರಿಸಿ ಮತ್ತೆ ಓಡಿಸುತ್ತಾರೆ.

ಮನೆಯ ಗ್ರೂಪಿನಲ್ಲಿ ದೊಡ್ಡವರೇ ಹಾಕಿದರೆ?

ಎಲ್ಲರೆದುರು ‘ಇದು ಫೇಕ್’ ಎಂದರೆ ಮಾತು ವಿಡಿಯೊ ಬಿಟ್ಟು ಮರ್ಯಾದೆಗೆ ತಿರುಗುತ್ತದೆ. ‘ಚಿಕ್ಕಪ್ಪ, ನೀವು ಹಾಕಿದ್ದು ನೋಡಿ ನನಗೂ ಗಾಬರಿ ಆಯ್ತು. ಹುಡುಕಿದೆ, ಹಳೇದಂತೆ, ನೋಡಿ’ ಎಂದು ಅವರಿಗೊಬ್ಬರಿಗೇ ಲಿಂಕ್ ಕಳಿಸಿ. ಅವರೇ ಗ್ರೂಪಿನಲ್ಲಿ ತಿದ್ದಿದರೆ ಅದಕ್ಕಿಂತ ಬೇರೆ ಬೇಡ. ಆದರೆ ವಿಡಿಯೊ ಯಾರದೋ ಮೇಲೆ ಹಲ್ಲೆಗೆ ಕರೆ ಕೊಡುವಂತಿದ್ದರೆ ಸಂಕೋಚ ನೋಡದೆ ಗ್ರೂಪಿನಲ್ಲೇ ಹೇಳಿ.

ಜನ ನನ್ನ ಮೇಲೇ ಬಿದ್ದರೆ ಮೊದಲ ದಿನ ಏನು ಮಾಡಲಿ?

ಉತ್ತರ ಬರೆಯುವ ಮುಂಚೆ ದಾಖಲೆ ಮಾಡಿಟ್ಟುಕೊಳ್ಳಿ. ಲಿಂಕು, ಖಾತೆಯ ಹೆಸರು, ದಿನ, ಗಂಟೆ ಕಾಣುವಂತೆ ಸ್ಕ್ರೀನ್‌ಶಾಟ್, ಸಾಧ್ಯವಾದರೆ ವೇಬ್ಯಾಕ್ ಮಷೀನಿನಲ್ಲಿ ಪ್ರತಿ. ಮೂಲ ಫೈಲು, ಫೋನು ಹಾಗೇ ಇರಲಿ. ಕೋರ್ಟಿಗೆ ಡಿಜಿಟಲ್ ಸಾಕ್ಷ್ಯ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ನಂಬಿಕೆಯ ಒಬ್ಬರಿಗೆ ಈ ಕೆಲಸ ವಹಿಸಿ, ಎಲ್ಲ ಬೈಗುಳವನ್ನೂ ನೀವೇ ಓದುತ್ತ ಕೂರಬೇಡಿ. ಖಾತೆಗಳ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿ, ಮಕ್ಕಳ ಶಾಲೆ, ಮನೆ ಕಾಣುವ ಹಳೆಯ ಫೋಟೊ ಮುಚ್ಚಿಡಿ. ಕೆಲಸ ಮಾಡುವ ಕಡೆ ನೀವೇ ಮೊದಲು ತಿಳಿಸಿ. ಹೇಳಿಕೆ ಒಂದೇ ಸಲ, ಚಿಕ್ಕದಾಗಿ: ಏನಾಯಿತು, ಯಾವುದು ತಪ್ಪು ಮಾಹಿತಿ, ನಿಮ್ಮದು ತಪ್ಪಿದ್ದರೆ ಯಾವುದಕ್ಕೆ ಕ್ಷಮೆ. ‘ಯಾರಿಗಾದರೂ ನೋವಾಗಿದ್ದರೆ’ ಎಂಬ ಕ್ಷಮೆ ಬೆಂಕಿಗೆ ತುಪ್ಪ. ಕಾಮೆಂಟುಗಳಿಗೆ ಒಂದೊಂದಾಗಿ ಉತ್ತರಿಸುತ್ತ ಹೋದರೆ ಪ್ರತಿ ಉತ್ತರವೂ ಹೊಸ ಸ್ಕ್ರೀನ್‌ಶಾಟ್.

ಜೀವಬೆದರಿಕೆ ಇದ್ದರೆ 112. ದೂರು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿಗೆ. 1930 ಸಹಾಯವಾಣಿ ಮುಖ್ಯವಾಗಿ ಹಣದ ವಂಚನೆಗೆ ಇರುವುದು.

ಕಾನೂನಿನಲ್ಲಿ ಏನಿದೆ? ಗ್ರೂಪ್ ಅಡ್ಮಿನ್‌ಗೆ ಶಿಕ್ಷೆಯೇ?

ಐಟಿ ಕಾಯ್ದೆಯ 66ಎ ಕಲಮಿನಡಿ ಕೇಸು ಹಾಕಿಸುತ್ತೇನೆ ಎಂದು ಈಗಲೂ ಹೆದರಿಸುವವರಿದ್ದಾರೆ. ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ದ್ವೇಷ ಹುಟ್ಟಿಸುವ ಉದ್ದೇಶದಿಂದ ಸುಳ್ಳು ಮಾಹಿತಿ, ವದಂತಿ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಮಾನಹಾನಿ 356ನೇ ಕಲಮಿಗೆ ಬರುತ್ತದೆ, ಎರಡು ವರ್ಷದವರೆಗೆ. ಇದಕ್ಕೆ ಪೊಲೀಸರು ನೇರವಾಗಿ ಎಫ್ಐಆರ್ ಹಾಕುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಠಾಣೆಗೆ ಹೋಗಿ ಬರಿಗೈಯಲ್ಲಿ ಬಂದವರು ಬಹಳ ಸಲ ಎಡವಿದ್ದು ಇಲ್ಲೇ.

ಅಡ್ಮಿನ್ ವಿಷಯದಲ್ಲಿ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದ್ದು: ಸದಸ್ಯರು ಹಾಕಿದ್ದಕ್ಕೆ ಬರೀ ಅಡ್ಮಿನ್ ಎಂಬ ಕಾರಣಕ್ಕೆ ಹೊಣೆ ಬರುವುದಿಲ್ಲ. ತಾನೇ ಹಂಚಿದ್ದರೆ, ಸಂಚಿನಲ್ಲಿ ಸೇರಿದ್ದರೆ ಅದು ಬೇರೆ ಮಾತು. ಮುರ್ಕಿ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದರು.

ಪೋಸ್ಟ್ ತೆಗೆಸುವುದು ಹೇಗೆ?

‘ರಿಪೋರ್ಟ್’ ಗುಂಡಿ ಒತ್ತಿ ಸುಮ್ಮನಾಗಬೇಡಿ. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ದೊಡ್ಡ ಜಾಲತಾಣಕ್ಕೂ ಭಾರತದಲ್ಲಿ ನೆಲೆಸಿರುವ ಕುಂದುಕೊರತೆ ಅಧಿಕಾರಿ ಇರಬೇಕು. ಅವರ ಇಮೇಲ್ ಆ ತಾಣದಲ್ಲೇ ಸಿಗುತ್ತದೆ. ಪೋಸ್ಟಿನ ನೇರ ಲಿಂಕು, ಯಾವುದು ಸುಳ್ಳು, ಅದಕ್ಕೆ ಆಧಾರ ಏನು ಎಂದು ಬರೆಯಿರಿ. ದೂರು ತಲುಪಿದ್ದನ್ನು 24 ಗಂಟೆಯೊಳಗೆ ಒಪ್ಪಿಕೊಳ್ಳಬೇಕು. ನಗ್ನ ಚಿತ್ರ, ತಿರುಚಿದ ಫೋಟೊ, ನಿಮ್ಮ ಹೆಸರಿನ ನಕಲಿ ಖಾತೆ ಆದರೆ 24 ಗಂಟೆಯಲ್ಲಿ ತೆಗೆಯಬೇಕೆಂದು ಆ ನಿಯಮ ಹೇಳಿತ್ತು, ಆಮೇಲಿನ ತಿದ್ದುಪಡಿಗಳಲ್ಲಿ ಗಡುವು ಬಿಗಿಯಾಗುತ್ತಲೇ ಬಂದಿದೆ. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ ಆನ್‌ಲೈನಿನಲ್ಲೇ ಮೇಲ್ಮನವಿ ಹಾಕಬಹುದು. ಅಲ್ಲಿ ಮೊದಲ ದೂರಿನ ಪ್ರತಿ ಮತ್ತು ತಾಣ ಕೊಟ್ಟ ಉತ್ತರ ಕೇಳುತ್ತಾರೆ, ಆದ್ದರಿಂದ ಆ ಇಮೇಲ್‌ಗಳನ್ನು ಅಳಿಸಬೇಡಿ.